ಮರಕ್ಕೆ ದುಡ್ಡು, ಮಿಕ್ಕಿದ್ದಕ್ಕೆ ಕೈಗೆಲಸ

ಹಳೆಯ ಕಾಲದ ಸೈನಿಕ ರೈಫಲಿನ ಮಾದರಿಯೊಂದನ್ನು ಕಡಿಮೆ ಖರ್ಚಿನಲ್ಲಿ ಕಟ್ಟಬೇಕೆಂದರೆ ದುಡ್ಡನ್ನು ಎಲ್ಲಿ ಬಿಚ್ಚಬೇಕು, ಎಲ್ಲಿ ಬಿಗಿ ಹಿಡಿಯಬೇಕು ಎಂಬುದು ಮೊದಲೇ ತೀರ್ಮಾನವಾಗಬೇಕು. ನನ್ನ ಜೊತೆ ಪ್ಲಾಸ್ಟಿಕ್ ಗುಂಡಿನ ಏರ್‌ಸಾಫ್ಟ್ ಆಡುವವರಲ್ಲಿ ಬಹಳ ಜನ ಒಳಗಿನ ಸ್ಪ್ರಿಂಗು, ಬ್ಯಾರೆಲ್ಲುಗಳಿಗೆ ಸುರಿಯುತ್ತಾರೆ. ಗುಂಡು ಇನ್ನೈದು ಮೀಟರ್ ಮುಂದೆ ಹೋಗಲಿ ಎಂಬ ಆಸೆ. ನಾನು ಮರಕ್ಕೆ ಸುರಿದೆ. ಕೆನ್ನೆ ಒರಗುವ ಜಾಗ, ಅಂಗೈ ಕೂರುವ ಜಾಗ, ಹೆಗಲಿಗೆ ಒತ್ತುವ ಜಾಗ, ಇಷ್ಟು ಅಸಲಿಯಾಗಿದ್ದರೆ ಮಿಕ್ಕದ್ದು ತಗಡು, ಪ್ಲಾಸ್ಟಿಕ್ಕು, ಅಂಟು ಆದರೂ ನಡೆಯುತ್ತದೆ. ಈ ನಂಬಿಕೆ ನನಗೆ ಬಂದದ್ದು ದಾವಣಗೆರೆಯ ಒಬ್ಬ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಅವರಿಂದ. ಅವರು ನಮ್ಮಪ್ಪ.

ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಇಲ್ಲಿ ಭಾನುವಾರಗಳಂದು ಕಾಡು, ಹಳೆಯ ಕ್ವಾರಿಗಳಲ್ಲಿ ನಡೆಯುವ ಏರ್‌ಸಾಫ್ಟ್ ಆಟಕ್ಕೆ ಹೋಗುತ್ತೇನೆ. ಈ ಆಟ ಹುಟ್ಟಿದ್ದು ಜಪಾನಿನಲ್ಲಿ. ಅಲ್ಲಿ ಸಾಮಾನ್ಯ ಜನ ಬಂದೂಕು ಇಟ್ಟುಕೊಳ್ಳುವುದಕ್ಕೆ ಕಾನೂನು ಬಹಳ ಬಿಗಿ. ಹಾಗಾಗಿ 1970ರ ದಶಕದಿಂದ ಪ್ಲಾಸ್ಟಿಕ್ ಗುಂಡು ಹಾರಿಸುವ ಮಾದರಿ ಬಂದೂಕುಗಳ ಹವ್ಯಾಸ ಬೆಳೆಯಿತು. ಟೋಕಿಯೊ ಮಾರುಯಿ ಕಂಪನಿ 1991ರಲ್ಲಿ ಬ್ಯಾಟರಿಯಿಂದ ಓಡುವ ಮಾದರಿ ತಂದ ಮೇಲೆ ಅದು ಜಗತ್ತೆಲ್ಲ ಹಬ್ಬಿತು. ಗುಂಡು ಎಂದರೆ 6 ಮಿಲಿಮೀಟರಿನ ಪ್ಲಾಸ್ಟಿಕ್ ಮಣಿ, ತೂಕ 0.2 ಗ್ರಾಂ ಆಸುಪಾಸು. ಪೇಂಟ್‌ಬಾಲಿನಂತೆ ಬಣ್ಣದ ಕಲೆ ಬೀಳುವುದಿಲ್ಲ. ಏಟು ಬಿದ್ದವನು ತಾನೇ ಕೈ ಎತ್ತಿ 'ಹಿಟ್' ಎಂದು ಕೂಗಿ ಆಚೆ ಹೋಗಬೇಕು. ಬಿದ್ದದ್ದು ಅವನಿಗೆ ಮಾತ್ರ ಗೊತ್ತು. ಇಡೀ ಆಟ ನಿಂತಿರುವುದು ಆ ಒಂದು ನಿಯತ್ತಿನ ಮೇಲೆ, ನನಗೆ ಈ ಆಟ ಹಿಡಿಸಿದ್ದೂ ಅದಕ್ಕೇ.

ವರ್ಷಕ್ಕೆ ಕೆಲವು ಸಲ ಎರಡನೇ ಮಹಾಯುದ್ಧದ ಕಾಲದ ವೇಷದಲ್ಲಿ ಆಟ ಇರುತ್ತದೆ. ಅಮೆರಿಕದ ಪ್ಯಾರಾಟ್ರೂಪರ್‌ಗಳು, ಜರ್ಮನ್ನರು, ಬ್ರಿಟಿಷ್ ಕಮಾಂಡೊಗಳು ಬೇಕಾದಷ್ಟು ಜನ ಸೇರುತ್ತಾರೆ. ಆ ಯುದ್ಧದಲ್ಲಿ 25 ಲಕ್ಷಕ್ಕೂ ಹೆಚ್ಚು ಭಾರತೀಯರು ಸೇನೆಯಲ್ಲಿದ್ದರು. ನಾನು ಹೋದ ಆಟಗಳಲ್ಲಿ ಅವರ ವೇಷದವರು ಒಬ್ಬರೂ ಇರಲಿಲ್ಲ. ಆ ಜಾಗಕ್ಕೆ ನಾನು ಹೋಗಬೇಕು ಅನ್ನಿಸಿತು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕ ಓಡಾಡಿದವರಿಗೆಲ್ಲ ಅಲ್ಲೇ ನೆಲೆಯಿರುವ ಸೇನೆಯ ಮದ್ರಾಸ್ ಸ್ಯಾಪರ್ಸ್ ಗೊತ್ತು. ಸೇತುವೆ ಕಟ್ಟುವ, ರಸ್ತೆ ಮಾಡುವ, ನೆಲಬಾಂಬು ತೆಗೆಯುವ ಆ ಪಡೆಯವರು ಉತ್ತರ ಆಫ್ರಿಕ, ಇಟಲಿ, ಬರ್ಮಾಗಳಲ್ಲಿ ದುಡಿದರು. ಅವರಲ್ಲಿ ಸುಬೇದಾರ್ ಸುಬ್ರಮಣಿಯನ್ ಎಂಬುವರು 1944ರ ಫೆಬ್ರುವರಿ 24ರಂದು ಇಟಲಿಯ ಮಿಗ್ನಾನೊ ಹತ್ತಿರ ನೆಲಬಾಂಬು ತೆಗೆಯುವಾಗ, ಸಿಡಿಯಲಿದ್ದ ಒಂದರ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದರು. ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ಬಂತು. ನನ್ನ ವೇಷ ಆ ಪಡೆಯ ಒಬ್ಬ ಸಾಮಾನ್ಯ ಜವಾನನದು ಎಂದು ನಿಶ್ಚಯಿಸಿದೆ. ಖಾಕಿ ಬಟ್ಟೆ, ಕ್ಯಾನ್ವಾಸ್ ಪಟ್ಟಿಗಳು ಸುಲಭಕ್ಕೆ ಸಿಕ್ಕವು. ಉಳಿದದ್ದು ರೈಫಲ್.

ಅದು ಎಸ್‌ಎಂಎಲ್‌ಇ ಆಗಬೇಕಿತ್ತು, ಶಾರ್ಟ್ ಮ್ಯಾಗಜೀನ್ ಲೀ-ಎನ್‌ಫೀಲ್ಡ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ಬೋಲ್ಟು, ಲಂಡನ್ನಿನ ಉತ್ತರ ಅಂಚಿನ ಎನ್‌ಫೀಲ್ಡ್ ಸರ್ಕಾರಿ ಕಾರ್ಖಾನೆಯ ಬ್ಯಾರೆಲ್ಲು, ಎರಡೂ ಕೂಡಿ ಆದದ್ದು. ಇದರ ಮಾರ್ಕ್ 3 ಮಾದರಿ ಸೇನೆಗೆ ಬಂದದ್ದು 1907ರಲ್ಲಿ. ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಇದನ್ನು ದಶಕಗಟ್ಟಲೆ ತಯಾರಿಸಿದರು. 1962ರಲ್ಲಿ ಚೀನಾ ಗಡಿಯಲ್ಲಿ ನಮ್ಮ ಜವಾನರ ಕೈಯಲ್ಲಿದ್ದದ್ದೂ .303 ಗುಂಡಿನ ಈ ರೈಫಲ್ಲೇ. ಆಮೇಲೆ ಸೇನೆ ಕೈಬಿಟ್ಟರೂ ಪೊಲೀಸರು ಬಿಡಲಿಲ್ಲ. ಅವರ ಬಾಯಲ್ಲಿ ಅದು 'ತ್ರೀ ನಾಟ್ ತ್ರೀ'. ಅಪ್ಪ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿದ್ದಷ್ಟು ಕಾಲ ಅವರ ಹೆಗಲ ಮೇಲಿದ್ದದ್ದು ಅದೇ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ ಅದಕ್ಕೆ ವಿದಾಯ ಹೇಳಿದರು ಎಂಬ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಓದಿ ನನಗೆ ಫೋನು ಮಾಡಿದ್ದರು. ನಾನು ಇಂಥದ್ದೊಂದು ಕಟ್ಟುತ್ತಿದ್ದೇನೆ ಎಂದು ಅವರಿಗೆ ಹೇಳಿದ್ದು ಅವತ್ತು.

ಕೇಳಿದ ಕೂಡಲೇ ಅವರಿಗೆ ಖುಷಿಯಾಗಲಿಲ್ಲ.

"ಖಾಲಿ ಇದ್ರೂ ಮನುಷ್ರ ಕಡೆ ಮೂತಿ ಹಿಡೀಬಾರ್ದು ಅಂತ ಟ್ರೇನಿಂಗಿನಾಗೆ ಮೊದಲ್ನೇ ದಿನಾನೇ ಕಲಿಸ್ತಾರೆ. ನೀನು ಆಟಕ್ಕಂತ ಮನುಷ್ರಿಗೇ ಗುರಿ ಇಡ್ತೀಯಲ್ಲಪ್ಪ" ಎಂದರು.

ಇದಕ್ಕೆ ನಾನು ಲೆಕ್ಕದಿಂದಲೇ ಉತ್ತರ ಶುರುಮಾಡಿದೆ. ಅಸಲಿ .303 ಗುಂಡು ಬ್ಯಾರೆಲ್ ಬಿಡುವಾಗ ಅದರ ಶಕ್ತಿ 3000 ಜೂಲಿನ ಆಸುಪಾಸು. ಬ್ರಿಟನ್ನಿನ ಕಾನೂನಿನಲ್ಲಿ ಒಂದೊಂದೇ ಗುಂಡು ಹಾರಿಸುವ ಏರ್‌ಸಾಫ್ಟ್ ಬಂದೂಕಿಗೆ ಇರುವ ಮಿತಿ 2.5 ಜೂಲ್, ಅದನ್ನು ದಾಟಿದರೆ ಅದು ಏರ್‌ಸಾಫ್ಟ್ ಎನಿಸಿಕೊಳ್ಳುವುದಿಲ್ಲ. ಆಟಕ್ಕೆ ಮುಂಚೆ ಪ್ರತಿಯೊಬ್ಬನ ಬಂದೂಕನ್ನೂ ಕ್ರೋನೊಗ್ರಾಫಿನ ಮುಂದೆ ಹಾರಿಸಿ ವೇಗ ಅಳೆಯುತ್ತಾರೆ. ಕಣ್ಣಿಗೆ ಪೂರ್ತಿ ರಕ್ಷಣೆ ಇಲ್ಲದೆ ಮೈದಾನಕ್ಕೆ ಬಿಡುವುದಿಲ್ಲ. ಅಪ್ಪ ಎಲ್ಲ ಕೇಳಿಸಿಕೊಂಡರು. ಅರ್ಧ ಒಪ್ಪಿದರು. ಉಳಿದರ್ಧಕ್ಕೆ ಒಂದು ಕಟ್ಟಳೆ ಹಾಕಿದರು: ಮೈದಾನ ಬಿಟ್ಟರೆ ಮನೆಯಲ್ಲಾಗಲಿ, ಶೆಡ್ಡಿನಲ್ಲಾಗಲಿ, ಅದು ಬರೀ ಮರದ ತುಂಡಾಗಿದ್ದಾಗಲೂ, ಮೂತಿ ಗೋಡೆಯ ಕಡೆಗೇ ಇರಬೇಕು. ಆ ಕಟ್ಟಳೆಯನ್ನು ಇವತ್ತಿಗೂ ಪಾಲಿಸುತ್ತಿದ್ದೇನೆ.

ಇಲ್ಲಿನ ಕಾನೂನೂ ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅಸಲಿಯಂತೆ ಕಾಣುವ ಮಾದರಿ ಬಂದೂಕನ್ನು ಮಾರುವುದಷ್ಟೇ ಅಲ್ಲ, ತಯಾರಿಸುವುದೂ 2006ರ ಹಿಂಸಾಪರಾಧ ಕಾಯ್ದೆಯಡಿ ಅಪರಾಧ. ವಿಮೆಯಿರುವ ಮೈದಾನಗಳಲ್ಲಿ ಆಡುವವರಿಗೆ, ಸಿನಿಮಾದವರಿಗೆ, ಇತಿಹಾಸದ ಪ್ರದರ್ಶನ ಮಾಡುವವರಿಗೆ ಹೀಗೆ ಕೆಲವರಿಗೆ ಮಾತ್ರ ವಿನಾಯಿತಿ. ಏರ್‌ಸಾಫ್ಟ್‌ನವರು ಇದಕ್ಕಾಗಿ ಯುಕಾರಾ ಎಂಬ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸುತ್ತಾರೆ. ಕನಿಷ್ಠ ಎರಡು ತಿಂಗಳ ಅವಧಿಯಲ್ಲಿ ಒಂದೇ ಮೈದಾನದಲ್ಲಿ ಮೂರು ಸಲ ಆಡಿರಬೇಕು. ಆ ನೋಂದಣಿ ಕೈಗೆ ಬಂದ ಮೇಲೆಯೇ ನಾನು ಗರಗಸ ಮುಟ್ಟಿದ್ದು. ಬೀದಿಯಲ್ಲಿ ತಕ್ಕ ಕಾರಣವಿಲ್ಲದೆ ಇಂಥದ್ದನ್ನು ಹಿಡಿದು ನಿಂತರೂ ಅಪರಾಧವೇ. ಹಾಗಾಗಿ ಸಾಗಿಸುವುದು ಚೀಲದಲ್ಲಿ, ಕಾರಿನ ಡಿಕ್ಕಿಯಲ್ಲಿ ಬೀಗ ಹಾಕಿಯೇ.

ಎಸ್‌ಎಂಎಲ್‌ಇಯನ್ನೇ ಆರಿಸಿಕೊಂಡದ್ದಕ್ಕೆ ಜೇಬಿನ ಕಾರಣವೂ ಇತ್ತು. ಆ ಕಾಲದ ಬೇರೆ ರೈಫಲ್‌ಗಳಲ್ಲಿ ಬ್ಯಾರೆಲ್ ಮರದಿಂದ ಗೇಣುದ್ದವಾದರೂ ಆಚೆ ಚಾಚಿರುತ್ತದೆ. ಇದರಲ್ಲಿ 25 ಇಂಚಿನ ಬ್ಯಾರೆಲ್ಲಿಗೆ ತುದಿಯವರೆಗೂ ಮರದ ಹೊದಿಕೆ. ಕೊನೆಗೆ ದಪ್ಪ ಉಕ್ಕಿನ ಮೂತಿಗವಸು. ಕಾಣುವ ಬ್ಯಾರೆಲ್ ಎಂದರೆ ಬೆರಳ ತುದಿಯಷ್ಟು. ಒಳಗೆ ಏನಿದ್ದರೂ ಮರ ಮುಚ್ಚಿಕೊಳ್ಳುತ್ತದೆ. ಬಡವನ ಕೈಗೆಲಸಕ್ಕೆ ಇದಕ್ಕಿಂತ ಒಳ್ಳೆಯ ರೈಫಲ್ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಳಗಿಡಲು ಸಿಕ್ಕಿದ್ದು ಟೋಕಿಯೊ ಮಾರುಯಿಯ ವಿಎಸ್‌ಆರ್-10 ಎಂಬ ಸ್ಪ್ರಿಂಗ್ ರೈಫಲಿನ ಒಂದು ಅಗ್ಗದ ನಕಲು. ಸೆಕೆಂಡ್‌ಹ್ಯಾಂಡ್, 45 ಪೌಂಡು. ಅದರ ಪ್ಲಾಸ್ಟಿಕ್ ಮೈ ಸೀಳಿತ್ತು. ನನಗೆ ಬೇಕಾದದ್ದು ಒಳಗಿನ ಸಿಲಿಂಡರು, ಪಿಸ್ಟನ್ನು, ಟ್ರಿಗರು, 430 ಮಿಲಿಮೀಟರಿನ ಒಳ ಬ್ಯಾರೆಲ್ಲು ಅಷ್ಟೇ. ಅದರ ಮ್ಯಾಗಜೀನು ಟ್ರಿಗರಿನ ಮುಂದೆಯೇ ಕೂರುತ್ತದೆ, ಬೋಲ್ಟಿನ ಹಿಡಿಯೂ ಟ್ರಿಗರಿನ ನೇರಕ್ಕಿದೆ. ಲೀ-ಎನ್‌ಫೀಲ್ಡಿನಲ್ಲೂ ಹೆಚ್ಚುಕಡಿಮೆ ಹಾಗೆಯೇ. ಹೀಗಾಗಿ ಎರಡನ್ನೂ ಕೂಡಿಸಲು ಸಾಧ್ಯವಾಯಿತು.

ಮರ ಸಿಕ್ಕಿದ್ದು ಹಳೆಯ ಮಿಲಿಟರಿ ಸಾಮಾನಿನ ಸಂತೆಯೊಂದರಲ್ಲಿ. ಮುಂದಿನ ಮರಕ್ಕೆ 40 ಪೌಂಡು, ಹೆಗಲಿಗೊತ್ತುವ ಹಿಂದಿನ ಮರಕ್ಕೆ, ಅಂದರೆ ಬಟ್ಟಿಗೆ, ಹಿತ್ತಾಳೆ ಪಟ್ಟಿ ಸೇರಿ 25, ಮೇಲಿನ ಎರಡು ಹೊದಿಕೆಗಳಿಗೆ 20, ಮೂತಿಗವಸಿಗೆ 18. ಮೇಜಿನ ಕೆಳಗಿನ ರಟ್ಟಿನ ಡಬ್ಬಿಯಲ್ಲಿ ಇಂಥ ಮುಂಭಾಗಗಳು ಏಳೆಂಟಿದ್ದವು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಒಂದರಲ್ಲಿ ಮರದ ಅಡ್ಡಕ್ಕೆ ಹಾಯಿಸಿದ ಒಂದು ಸ್ಕ್ರೂ ಕಂಡಿತು. ಮರ ಸೀಳದಿರಲೆಂದು ಹೀಗೆ ಅಡ್ಡ ಸ್ಕ್ರೂ ಹಾಕುವುದು ಇಶಾಪುರದವರ ಪದ್ಧತಿ. ಸಂಗ್ರಾಹಕರು ಇದನ್ನು ನೋಡಿಯೇ ಭಾರತದ ಮರ ಎಂದು ಗುರುತು ಹಿಡಿಯುತ್ತಾರೆ. ಅದು ಎಣ್ಣೆ, ಜಿಡ್ಡು, ಧೂಳು ಕುಡಿದು ಕಪ್ಪಗಾಗಿತ್ತು, ಅಂಚು ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಪಕ್ಕದಲ್ಲೇ ಅದಕ್ಕಿಂತ ಚೊಕ್ಕವಾದದ್ದು ಅದೇ ಬೆಲೆಗೆ ಇತ್ತು. ನಾನು ಕಪ್ಪನೆಯದನ್ನೇ ಕಂಕುಳಲ್ಲಿಟ್ಟುಕೊಂಡು ಬಂದೆ.

ಕೆಲವೇ ವಾರಗಳಲ್ಲಿ ಕೊರೋನಾ ಲಾಕ್‌ಡೌನ್ ಬಂತು. ಆಟಗಳೆಲ್ಲ ನಿಂತವು, ಹಿತ್ತಿಲ ಶೆಡ್ಡು ಮತ್ತು ಅಪ್ಪನ ವಿಡಿಯೊ ಕಾಲ್ ಉಳಿದವು. ಅವರಿಗೆ ಅಲ್ಲಿ ಹೊರಗೆ ಹೋಗುವಂತಿಲ್ಲ, ನನಗೆ ಇಲ್ಲಿ ಹೋಗುವಂತಿಲ್ಲ. ಫೋನನ್ನು ಪೇಂಟಿನ ಡಬ್ಬಿಗೆ ಒರಗಿಸಿಟ್ಟು ಕೆಲಸ ಮಾಡುತ್ತಿದ್ದೆ.

ಮೊದಲ ಕೆಲಸ ಮರದ ಹೊಟ್ಟೆಯೊಳಗಿನ ಜಿಡ್ಡು ತೆಗೆಯುವುದು. ಉಪ್ಪು ಕಾಗದ ಹಾಕಿ ಉಜ್ಜಿದರೆ ಅಂಚುಗಳು ಸವೆದು ಆಕಾರವೇ ಕೆಡುತ್ತದೆ. ನುಣ್ಣನೆಯ ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ, ದೋಸೆ ಹಿಟ್ಟಿನ ಹದಕ್ಕೆ ತಂದು, ಮರಕ್ಕೆ ಬಳಿದು ಬಿಸಿಲಿಗಿಟ್ಟೆ. ಒಣಗುತ್ತಾ ಬಂದಂತೆ ಬಿಳಿ ಲೇಪ ಒಳಗಿನಿಂದ ಎಣ್ಣೆ ಹೀರಿ ಮೊದಲು ಹಳದಿ, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು. ಕೆರೆದು ತೆಗೆದು ಮತ್ತೆ ಬಳಿದೆ. ಲೇಪ ಬೆಳ್ಳಗೇ ಉಳಿಯುವ ತನಕ ಹೀಗೆ. ಗುಂಡಿ ಬಿದ್ದ ಕಡೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಹಬೆಗೆ ಮರದ ನಾರು ಉಬ್ಬಿ ಗುಂಡಿ ತುಂಬಿಕೊಳ್ಳುತ್ತದೆ. ಎಲ್ಲ ಗುಂಡಿಗಳನ್ನೂ ನಾನು ಎತ್ತಲಿಲ್ಲ. ಎಡಪಕ್ಕದಲ್ಲಿ ಬೆರಳುಗಳು ಸುತ್ತುವ ಜಾಗ ಯಾರ ಯಾರದೋ ಹಿಡಿತಕ್ಕೆ ನುಣುಪಾಗಿತ್ತು. ಅದನ್ನು ಮುಟ್ಟಲು ಮನಸ್ಸು ಬರಲಿಲ್ಲ.

ಒಣಗಿದ ಮರ ತೋರಿಸಿದಾಗ ಅಪ್ಪ ಕನ್ನಡಕ ಹಾಕಿಕೊಂಡು ಫೋನಿನ ಹತ್ತಿರ ಬಂದರು.

"ಬಣ್ಣ ಹೊಡೀಬ್ಯಾಡ ಮಗಾ. ವಾರ್ನಿಷ್ ಮುಟ್ಲೇಬ್ಯಾಡ. ಅಗಸೆ ಎಣ್ಣೆ ಸಿಗ್ತೈತಾ ಅಲ್ಲಿ? ಅಂಗೈಗೆ ಹಾಕ್ಕೊಂಡು ಕೈ ಬಿಸಿಯಾಗೋ ತನಕ ತಿಕ್ಕು. ಬಟ್ಟೇಲಿ ಬ್ಯಾಡ, ಕೈಯಾಗೇ ತಿಕ್ಕು."

ಅಗಸೆ ಎಣ್ಣೆ ಇಲ್ಲಿ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ. ತೆಳ್ಳಗೆ ಹಚ್ಚಬೇಕು, ಒಣಗಲು ಬಿಡಬೇಕು, ಮತ್ತೆ ಹಚ್ಚಬೇಕು. ಮಿಕ್ಕ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಉಂಡೆ ಮಾಡಿ ಮೂಲೆಗೆ ಎಸೆಯುವಂತಿಲ್ಲ. ಆ ಎಣ್ಣೆ ಒಣಗುವಾಗ ತಾನೇ ಕಾವೇರಿ ಹೊತ್ತಿಕೊಳ್ಳಬಲ್ಲದು. ಹಿತ್ತಿಲ ತಂತಿಯ ಮೇಲೆ ಹರವಿ ಒಣಗಿಸಿಯೇ ಬಿಸಾಡಬೇಕು. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಮೂರನೇ ಲೇಪದ ಹೊತ್ತಿಗೆ ಅಕ್ರೋಟದ ಮರದ ಕೆಂಪು ಮೇಲೆ ಬಂತು. ಅಂಗೈ ಉರಿಯುತ್ತಿತ್ತು. ಅಪ್ಪ ಆ ಕಡೆ ಸುಮ್ಮನೆ ನೋಡುತ್ತಾ ಕೂತಿದ್ದರು; ಅವರು ಆ ಮರವನ್ನಲ್ಲದೆ ಬೇರೆ ಏನನ್ನೋ ನೋಡುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು, ಕೇಳಲಿಲ್ಲ.

ಮುಂದಿನದು ಕಷ್ಟದ ಭಾಗ. ಈ ರೈಫಲಿನ ಮರ ಎರಡು ತುಂಡು. ಮುಂದಿನ ಮರ ಬೇರೆ, ಹಿಂದಿನ ಬಟ್ ಬೇರೆ; ನಡುವೆ ಉಕ್ಕಿನ ಸಾಕೆಟ್. ಬಟ್ಟಿನ ಉದ್ದಕ್ಕೂ ಇರುವ ರಂಧ್ರದಲ್ಲಿ ಉದ್ದನೆಯ ಬೋಲ್ಟೊಂದು ಹಾಯ್ದು ಅದನ್ನು ಸಾಕೆಟ್ಟಿಗೆ ಬಿಗಿಯುತ್ತದೆ. ನನ್ನ ಬಳಿ ಆ ಉಕ್ಕಿನ ಭಾಗ ಇಲ್ಲ, ಇರಕೂಡದು ಕೂಡ. ಅದು ಅಸಲಿ ಬಂದೂಕಿನ ಭಾಗ. ಬರ್ಚ್ ಪ್ಲೈವುಡ್ಡಿನ ಪದರಗಳನ್ನು ಅಂಟಿಸಿ, ಅರದಿಂದ ಉಜ್ಜಿ ಸಾಕೆಟ್ಟಿನ ಆಕಾರ ತಂದೆ. ಎರಡು ಪಕ್ಕಕ್ಕೂ ಉಕ್ಕಿನ ಪಟ್ಟಿ ಕೂರಿಸಿ, ಮೇಲೆ ಲೋಹದ ಪುಡಿ ಬೆರೆತ ಎಪಾಕ್ಸಿ ಬಳಿದು ನಯ ಮಾಡಿದೆ. ಬಟ್ಟಿನೊಳಗಿನ ಬೋಲ್ಟಿಗೆ ಬದಲು ಮರೆ ಇರುವ ಕಂಬಿಯೊಂದನ್ನು ಹಾಯಿಸಿ ನಟ್ಟು ಬಿಗಿದೆ. ಮುಂದಿನ ಮರದ ಒಳಗಾಲುವೆಯನ್ನು ಉಳಿಯಿಂದ ಕೆತ್ತಿ ವಿಎಸ್‌ಆರ್ ಕೊಳವೆ ಕೂರುವಷ್ಟು ಅಗಲ ಮಾಡಿದೆ. ಮ್ಯಾಗಜೀನಿನ ಪೆಟ್ಟಿಗೆಯನ್ನು ಉಕ್ಕಿನ ತಗಡು ಬಗ್ಗಿಸಿ ಮಾಡಿದ್ದಾಯಿತು. ಬೋಲ್ಟಿನ ಹಿಡಿಯನ್ನು ಕೆಳಕ್ಕೆ ಬಗ್ಗಿಸಿ ಕೊನೆಗೆ ಉಕ್ಕಿನ ಗುಂಡು ಕೂರಿಸಿದೆ. ಮೂತಿಗವಸಿನಿಂದ ಒಳ ಬ್ಯಾರೆಲ್ಲಿನ ತನಕದ ಖಾಲಿ ಜಾಗಕ್ಕೆ ಒಂದು ಅಲ್ಯೂಮಿನಿಯಂ ಕೊಳವೆ. ಇದನ್ನೆಲ್ಲ ವಿವರಿಸುವುದಕ್ಕಿಂತ ಮಾಡುವುದು ಸುಲಭ.

ಕಟ್ಟಿ ಮುಗಿದಾಗ ನೋಡುವುದಕ್ಕೆ ಎಲ್ಲ ಸರಿಯಿತ್ತು. ಅಪ್ಪ ಮಾತ್ರ ತೂಕ ಕೇಳಿದರು. ಅಸಲಿ 3.9 ಕಿಲೊ, ನನ್ನದು ಮೂರು ಮುಟ್ಟಿರಲಿಲ್ಲ. "ಮ್ಯಾಗಜೀನ್ ಮುಂದಕ್ಕೆ ಒಂದೇ ಕೈಯಾಗೆ ಹಿಡಿ, ನೋಡಾಣ" ಎಂದರು. ಪರೇಡಿನಲ್ಲಿ ರೈಫಲನ್ನು ಒಂದು ಕೈಯಲ್ಲಿ ನೆಲಕ್ಕೆ ಸಮವಾಗಿ ಹಿಡಿದು ನಡೆಯುವಾಗ ಬೆರಳು ಸುತ್ತುವ ಜಾಗ ಅದು. ಅಲ್ಲಿ ಹಿಡಿದರೆ ಮೂತಿಯೂ ತಗ್ಗಬಾರದು, ಬಟ್ಟೂ ತಗ್ಗಬಾರದು. ನನ್ನದರ ಬಟ್ ನೆಲಕ್ಕೆ ವಾಲಿತು. ಛಾವಣಿಗೆ ಹೊದಿಸುವ ಸೀಸದ ತಗಡಿನ ಚೂರುಗಳು ಪಕ್ಕದ ಮನೆಯ ರಿಪೇರಿಯಲ್ಲಿ ಮಿಕ್ಕಿದ್ದವು. ಕೇಳಿ ತಂದು, ಗ್ಲೌಸು ಹಾಕಿಕೊಂಡು ಸುರುಳಿ ಸುತ್ತಿ, ಬ್ಯಾರೆಲ್ಲಿನ ಕೆಳಗಿನ ಕಾಲುವೆಯಲ್ಲಿ ಮುಂದಕ್ಕೂ ಹಿಂದಕ್ಕೂ ಸರಿಸುತ್ತಾ ಹೋದೆ. ಕೈಯಲ್ಲಿ ರೈಫಲ್ ಅಲುಗದೆ ನಿಂತ ಜಾಗದಲ್ಲಿ ಅಂಟಿಸಿದೆ. ಖರ್ಚು ಸೊನ್ನೆ. ಇಡೀ ಕೆಲಸದಲ್ಲಿ ರೈಫಲನ್ನು ಅಸಲಿಗೆ ಅತಿ ಹತ್ತಿರ ತಂದದ್ದು ಈ ಸೀಸ. ಆಡುವವರು ಫೋಟೋ ನೋಡಿ ಮಾದರಿ ಮಾಡುತ್ತಾರೆ. ತೂಕ, ಸಮತೋಲ ಫೋಟೋದಲ್ಲಿ ಕಾಣುವುದಿಲ್ಲ. ಅದನ್ನು ವರ್ಷಗಟ್ಟಲೆ ಹೊತ್ತವರೇ ಹೇಳಬೇಕು. ಅಂಥವರು ಇನ್ನೂ ನಮ್ಮ ಮನೆಗಳಲ್ಲಿ, ಬಸ್ ಸ್ಟ್ಯಾಂಡಿನ ಬೆಂಚುಗಳ ಮೇಲೆ ಇದ್ದಾರೆ, ಯಾರೂ ಕೇಳುತ್ತಿಲ್ಲ ಎಂಬುದು ನನಗೆ ಸಂಕಟದ ವಿಷಯ.

ಬಟ್ಟಿನ ಹಿತ್ತಾಳೆ ಪಟ್ಟಿಯಲ್ಲಿ ಒಂದು ಪುಟ್ಟ ಬಾಗಿಲಿದೆ. ಒಳಗೆ ಎಣ್ಣೆ ಬಾಟಲಿ, ಬ್ಯಾರೆಲ್ ಶುಚಿ ಮಾಡುವ ಪುಲ್‌ಥ್ರೂ ಹಗ್ಗ ಇಡುವ ಗೂಡು. ಅದನ್ನು ತೆರೆದು ತೋರಿಸಿದಾಗ, ದೂರದೂರಿಗೆ ಬಂದೋಬಸ್ತ್ ಡ್ಯೂಟಿಗೆ ಹೋಗುವಾಗ ಅಲ್ಲಿ ಮಡಚಿದ ಹತ್ತು ರೂಪಾಯಿ ನೋಟು ಇಟ್ಟುಕೊಳ್ಳುತ್ತಿದ್ದೆ ಎಂದರು ಅಪ್ಪ. ಜೇಬಿನದು ಖರ್ಚಾದರೂ ವಾಪಸ್ ಬರುವ ಬಸ್ ಚಾರ್ಜಿಗೆ ಇರಲಿ ಎಂದು. ನನಗೆ ಆಗ ಎಂಟು ವರ್ಷವಿದ್ದಿರಬೇಕು. ಅವರು ತಡರಾತ್ರಿ ಮನೆಗೆ ಬರುತ್ತಿದ್ದ ಆ ದಿನಗಳ ಬಗ್ಗೆ ನಾವಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಆಟಗಳು ಮತ್ತೆ ಶುರುವಾದ ಮೇಲೆ ರೈಫಲ್ ಮೈದಾನಕ್ಕಿಳಿಯಿತು. ಸ್ಪ್ರಿಂಗನ್ನು ನಾನು ಬದಲಿಸಿರಲಿಲ್ಲ. ಮಿತಿಗಿಂತ ಎಷ್ಟೋ ಕೆಳಗೆ ಹಾರಿಸುತ್ತದೆ. ಹಿಂದಿನ ಗುರಿಪಟ್ಟಿಯ ಮೇಲೆ 2000 ಗಜದವರೆಗೆ ಗುರುತುಗಳಿವೆ, ನನ್ನ ಮಣಿ ಗುರಿ ತಪ್ಪದೆ ಹೋಗುವುದು 40 ಮೀಟರ್. ಬ್ಯಾಟರಿ ಬಂದೂಕಿನವರು ಮಳೆ ಸುರಿಸುವಾಗ ನನ್ನದು ಒಂದೊಂದೇ. ಇದರಿಂದ ಆಡುವ ರೀತಿಯೇ ಬದಲಾಗುತ್ತದೆ: ಕಾಯಬೇಕು, ಹತ್ತಿರ ಹೋಗಬೇಕು, ಪ್ರತಿ ಗುಂಡಿಗೂ ಮುಂಚೆ ಯೋಚಿಸಬೇಕು. ಚಹಾದ ಬಿಡುವಿನಲ್ಲಿ ಜನ ನನ್ನ ಭುಜಪಟ್ಟಿ ನೋಡಿ ಕೇಳುತ್ತಾರೆ, ನಾನು ಮಿಗ್ನಾನೊದ ಸುಬೇದಾರರ ಕಥೆ ಹೇಳುತ್ತೇನೆ. ಈ ಹೆಸರನ್ನು ಮೊದಲ ಸಲ ಕೇಳುವವರೇ ಹೆಚ್ಚು.

ಅಪ್ಪ ಇಲ್ಲಿಗೆ ಬಂದದ್ದು 2022ರ ಬೇಸಿಗೆಯಲ್ಲಿ. ಚೀಲದಿಂದ ತೆಗೆದು ಕೈಗೆ ಕೊಟ್ಟೆ. ಅವರು ಮೊದಲು ಮಾಡಿದ ಕೆಲಸ ಮೂತಿಯನ್ನು ಗೋಡೆಗೆ ತಿರುಗಿಸಿ, ಬೋಲ್ಟ್ ಎಳೆದು, ಒಳಗೆ ಕಿರುಬೆರಳು ಹಾಕಿ ಖಾಲಿ ಇದೆಯೇ ಎಂದು ಮುಟ್ಟಿ ನೋಡಿದ್ದು. ಆಮೇಲೆ ಬೋಲ್ಟನ್ನು ಇನ್ನೊಂದು ಸಲ ಹಿಂದೆ ಮುಂದೆ ಮಾಡಿದರು. "ಇದು ಉಲ್ಟಾ ಐತಲ್ಲೋ. ಅದರಾಗೆ ಎಳೆಯೋದು ಸಲೀಸು, ಮುಂದಕ್ಕೆ ದಬ್ಬೋವಾಗ ಕೊನೇಗೆ ಬಿಗಿ" ಎಂದರು. ಸರಿಯಾಗಿ ಹೇಳಿದರು: ಲೀ-ಎನ್‌ಫೀಲ್ಡ್ ಬೋಲ್ಟನ್ನು ಮುಚ್ಚುವಾಗ ಸ್ಪ್ರಿಂಗ್ ಬಿಗಿಯಾಗುತ್ತದೆ, ನನ್ನದರಲ್ಲಿ ಎಳೆಯುವಾಗ. ಅದನ್ನು ಬದಲಿಸಲು ಒಳಗಿನದ್ದೆಲ್ಲ ಹೊಸದು ಬೇಕು, ನೂರಾರು ಪೌಂಡು. ಅಲ್ಲಿಗೆ ದುಡ್ಡು ಹಾಕುವುದಿಲ್ಲ ಎಂದು ಮೊದಲೇ ನಿಶ್ಚಯಿಸಿದ್ದೆ.

ಆಮೇಲೆ ಹೆಗಲಿಗೆ ಏರಿಸಿದರು. ಕೆನ್ನೆ ಇಟ್ಟರು, ಇಳಿಸಿದರು, ಮತ್ತೆ ಏರಿಸಿದರು. "ಇದರ ಬಟ್ ಉದ್ದ ಆತು. ನಂಗೂ ಉದ್ದ, ನಿಂಗೂ ಉದ್ದ. ನಿನ್ನ ಕುತ್ತಿಗೆ ಮುಂದಕ್ಕೆ ಎಳ್ದಂಗೆ ಆಗ್ತಿರಬೇಕು" ಎಂದರು. ಬಟ್ಟಿನ ಮೇಲೆ ಒತ್ತಿದ ಅಕ್ಷರ ನೋಡಿದೆವು. 'ಎಲ್' ಎಂದಿತ್ತು. ಜವಾನರ ಮೈಕಟ್ಟಿಗೆ ತಕ್ಕಂತೆ ಈ ಬಟ್‌ಗಳು ಬೇರೆ ಬೇರೆ ಉದ್ದದಲ್ಲಿ ಬರುತ್ತಿದ್ದವು. ಉದ್ದಕ್ಕೆ 'ಎಲ್', ಗಿಡ್ಡಕ್ಕೆ 'ಎಸ್', ಇನ್ನೂ ಗಿಡ್ಡಕ್ಕೆ 'ಬಿ'. ಸಾಮಾನ್ಯ ಅಳತೆಯದಕ್ಕೆ ಗುರುತಿಲ್ಲ. ಒಂದೊಂದಕ್ಕೂ ಅರ್ಧ ಇಂಚಿನಷ್ಟು ವ್ಯತ್ಯಾಸ.

ಆ ವಾರವೇ ಇಬ್ಬರೂ ಸೇರಿ ಹುಡುಕಿ 'ಎಸ್' ಗುರುತಿನ ಬಟ್ ಒಂದನ್ನು 30 ಪೌಂಡಿಗೆ ತರಿಸಿದೆವು. ಅಲ್ಲಿಯವರೆಗೆ 200ರೊಳಗಿದ್ದ ಒಟ್ಟು ಖರ್ಚು ಅದರಿಂದ ದಾಟಿತು. ಎರಡು ತುಂಡಿನ ಮರದ ಉಪಕಾರ ಅವತ್ತು ತಿಳಿಯಿತು: ಹಿತ್ತಾಳೆ ಬಾಗಿಲು ತೆರೆದು, ಉದ್ದ ಸ್ಪ್ಯಾನರ್ ಇಳಿಸಿ ನಟ್ಟು ಬಿಚ್ಚಿದರೆ ಹಳೆಯದು ಕೈಗೆ ಬಂತು. ಹೊಸದಕ್ಕೆ ಅಗಸೆ ಎಣ್ಣೆ ಹಚ್ಚಿದ್ದು ಅಪ್ಪನೇ; ಊರಿಗೆ ಹೊರಡುವ ಮುಂಚಿನ ಸಂಜೆಯವರೆಗೂ ದಿನಾ ಒಂದು ಕೈ ಹಚ್ಚಿದರು. 'ಎಲ್' ಬಟ್ಟನ್ನು ನಮ್ಮ ತಂಡದಲ್ಲಿ ಹೊಸದಾಗಿ ರೈಫಲ್ ಕಟ್ಟಲು ಹೊರಟಿರುವ ಆರಡಿ ಮೂರಿಂಚಿನ ಹುಡುಗನಿಗೆ ಕೊಟ್ಟಿದ್ದೇನೆ. ಅವನು ಸ್ಪ್ರಿಂಗ್ ಯಾವುದು ಕೊಳ್ಳಲಿ ಎಂದು ಕೇಳುತ್ತಿದ್ದ. ಮೊದಲು ಮುಂದಿನ ಮರ ಹುಡುಕು, ಸ್ಪ್ರಿಂಗ್ ಆಮೇಲೆ ನೋಡೋಣ ಎಂದಿದ್ದೇನೆ.